ಚರ್ಚಿನ ಬ್ಯಾರೆಲ್ ಆರ್ಗನ್: ತಿರುಗಿಸುವ ಕ್ರಮ, ಕೆಡುವ ಬಗೆ, ಕಾಯುವ ದಾರಿ

ಆರ್ಗನ್ ನುಡಿಸಬಲ್ಲವರು ಸಿಗದ ಇಂಗ್ಲೆಂಡಿನ ಹಳ್ಳಿ ಚರ್ಚುಗಳು ಹದಿನೆಂಟನೆಯ ಶತಮಾನದ ಕೊನೆಯಿಂದ ಸುಮಾರು 1850ರವರೆಗೆ ನೆಚ್ಚಿಕೊಂಡಿದ್ದ ಉಪಾಯ ಬ್ಯಾರೆಲ್ ಆರ್ಗನ್. ಮರದ ದಪ್ಪ ಉರುಳೆ, ಅದರ ಮೈತುಂಬ ಹಿತ್ತಾಳೆ ಪಿನ್ನುಗಳು. ಹಿಡಿ ತಿರುಗಿಸಿದರೆ ಉರುಳೆ ನಿಧಾನವಾಗಿ ಸುತ್ತುತ್ತದೆ, ಪಿನ್ನುಗಳು ಸನ್ನೆಗಳನ್ನು ಎತ್ತುತ್ತವೆ, ಕೊಳವೆಗಳು ಉಲಿಯುತ್ತವೆ. ಚರ್ಚಿನ ಪಶ್ಚಿಮದ ಅಟ್ಟಣೆಯಲ್ಲಿ ಕೂತು ಬಸೂನ್, ಕ್ಲಾರಿನೆಟ್, ಪಿಟೀಲು ನುಡಿಸುತ್ತಿದ್ದ ಊರಿನ ವಾದ್ಯಗಾರರ ಜಾಗಕ್ಕೆ ಎಷ್ಟೋ ಕಡೆ ಈ ಪೆಟ್ಟಿಗೆ ಬಂತು. ಅದನ್ನು ತಿರುಗಿಸುವುದು ಸಾಮಾನ್ಯವಾಗಿ ಪ್ಯಾರಿಷ್ ಕ್ಲರ್ಕನ, ಅಂದರೆ ಆರಾಧನೆಗೆ ನೆರವಾಗುವ ಚರ್ಚಿನ ಗುಮಾಸ್ತನ, ಕೆಲಸ.

ಮುಂದೆ ಅದೂ ಹೋಯಿತು. 1842ರಲ್ಲಿ ಪ್ಯಾರಿಸಿನ ಡೆಬೇನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ ಮೇಲೆ ಅಗ್ಗದ ಕಾಲುತಿದಿಯ ವಾದ್ಯ ಹಳ್ಳಿಗಳಿಗೂ ತಲುಪಿತು. ನಮ್ಮ ಭಜನೆಯ ಹಾರ್ಮೋನಿಯಂ ಅದರ ವಂಶದ್ದೇ. 1861ರಲ್ಲಿ ‘ಹಿಮ್ಸ್ ಏನ್ಷಂಟ್ ಅಂಡ್ ಮಾಡರ್ನ್’ ಎಂಬ ಕೀರ್ತನೆಗಳ ಪುಸ್ತಕ ಬಂದಾಗ ಸಭೆಗಳು ಹೊಸ ಹಾಡು ಬೇಡತೊಡಗಿದವು. ಉರುಳೆಯ ಮೇಲೆ ಇದ್ದಷ್ಟೇ ಧಾಟಿ, ಹೊಸತಕ್ಕೆ ಹೊಸ ಉರುಳೆಯೇ ಬೇಕು. ಹಲವು ವಾದ್ಯಗಳ ಉರುಳೆ ತೆಗೆದು ಕೀಬೋರ್ಡ್ ಕೂರಿಸಿದರು, ಇನ್ನು ಕೆಲವು ಗುಜರಿಗೆ ಹೋದವು. ಉಳಿದು ಹಾಡುತ್ತಿರುವವು ಬೆರಳೆಣಿಕೆಯಷ್ಟು. ಸಫೋಕ್‌ನ ಶೆಲ್ಲಂಡ್ ಚರ್ಚಿನಲ್ಲಿ ಬ್ರೈಸ್‌ಸನ್ ತಯಾರಿಸಿದ ಆರ್ಗನ್ ಇದೆ: ಮೂರು ಉರುಳೆ, ಒಂದೊಂದರಲ್ಲಿ 12 ಧಾಟಿ. ಸಸೆಕ್ಸ್‌ನ ಬ್ರೈಟ್‌ಲಿಂಗ್ ಚರ್ಚಿಗೆ 1820ರಲ್ಲಿ ಜಾನ್ ಫುಲ್ಲರ್ ಕೊಡಿಸಿದ ದೊಡ್ಡ ಆರ್ಗನ್‌ಗೆ ಎರಡು ಉರುಳೆ, 24 ಧಾಟಿ.

ಇಂಥ ವಾದ್ಯದ ಹೊಣೆ ಹೊತ್ತವರಿಗೆ, ಹೊರಲಿರುವವರಿಗೆ ಈ ಬರಹ. ಓದುವಾಗ ಒಂದು ಮಾತು ನೆನಪಿರಲಿ: ಕೊಳವೆ, ಚರ್ಮ, ಸ್ಪ್ರಿಂಗು ಕೆಟ್ಟರೆ ಮತ್ತೆ ಮಾಡಬಹುದು, ಉರುಳೆಯ ಮೇಲಿನ ಪಿನ್ನು ಎರಡು ಶತಮಾನದ ಹಿಂದಿನ ಬರಹ. ತಪ್ಪು ಸ್ವರ ಕೇಳಿಸಿದ ತಕ್ಷಣ ಇಕ್ಕಳ ಹಿಡಿದು ಪಿನ್ನಿಗೆ ಕೈ ಹಾಕುವವರೇ ಈ ವಾದ್ಯದ ದೊಡ್ಡ ಶತ್ರುಗಳು.

ಒಳಗೆ ಏನೇನಿದೆ

ಹಿಂಬದಿಯ ಅಥವಾ ಪಕ್ಕದ ಬಾಗಿಲು ತೆರೆದು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ.

ತಳದಲ್ಲಿ ತಿದಿಗಳು. ಹಿಡಿಯ ಅಚ್ಚಿಗೆ ಬಾಗಿದ ಕ್ರ್ಯಾಂಕ್ ಇರುತ್ತದೆ, ಅದಕ್ಕೆ ಕಟ್ಟಿದ ಕೋಲು ಸಣ್ಣ ತಿದಿಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಅವು ಊದಿದ ಗಾಳಿ ಮೇಲಿನ ದೊಡ್ಡ ಶೇಖರಣಾ ತಿದಿಯಲ್ಲಿ ತುಂಬಿಕೊಳ್ಳುತ್ತದೆ. ಅದರ ಮೇಲಿಟ್ಟ ತೂಕದ ಕಲ್ಲು ಅಥವಾ ಕಬ್ಬಿಣವೇ ಗಾಳಿಯ ಒತ್ತಡವನ್ನು ನಿರ್ಧರಿಸುವುದು. ಶ್ರುತಿಪೆಟ್ಟಿಗೆಯ ತಿದಿ ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ, ಗಾತ್ರ ಮಾತ್ರ ಬೇರೆ.

ಅದೇ ಅಚ್ಚಿನ ಮೇಲೆ ತಿರುಪಿನಂಥ ವರ್ಮ್ ಗೇರ್ ಕೊರೆದಿರುತ್ತದೆ. ಅದು ಉರುಳೆಯ ತುದಿಯ ಹಲ್ಲುಚಕ್ರಕ್ಕೆ ಕಚ್ಚಿಕೊಂಡು, ಹಿಡಿಯ ಒಂದು ಸುತ್ತಿಗೆ ಚಕ್ರದ ಒಂದು ಹಲ್ಲನ್ನು ಮುಂದೆ ತಳ್ಳುತ್ತದೆ. ಗಾಳಿ ಊದುವುದೂ ಧಾಟಿ ಓಡಿಸುವುದೂ ಒಂದೇ ಹಿಡಿಯ ಕೆಲಸ ಎಂಬುದನ್ನು ಗಟ್ಟಿಯಾಗಿ ನೆನಪಿಡಿ, ನುಡಿಸುವಾಗಿನ ಕಷ್ಟಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಕರ್ನಾಟಕದ ಓದುಗರಿಗೆ ಇದರ ದೂರದ ನಂಟೊಂದು ಗೊತ್ತಿರಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿಗೆ ಹೋದ ಟಿಪ್ಪುವಿನ ಹುಲಿಯಲ್ಲೂ ಹಿಡಿ, ವರ್ಮ್ ಗೇರ್, ತಿದಿ, ಕೊಳವೆಗಳು ಇವೆ. ಆದರೆ ಅದರಲ್ಲಿ ಪಿನ್ನಿನ ಉರುಳೆ ಇಲ್ಲ: ಹಿಡಿ ಗರ್ಜನೆ, ಆರ್ತನಾದ ಹೊರಡಿಸುತ್ತದೆ, ಹೊಟ್ಟೆಯೊಳಗಿನ 18 ಗುಂಡಿಗಳನ್ನು ಬೆರಳಿನಿಂದಲೇ ಒತ್ತಬೇಕು.

ಉರುಳೆಯ ಮೇಲ್ಗಡೆ ಕೀ-ಫ್ರೇಮ್ ಎಂಬ ಚೌಕಟ್ಟು. ಅದರಲ್ಲಿ ಸ್ವರಕ್ಕೊಂದರಂತೆ ಮರದ ಸನ್ನೆಗಳು, ತುದಿಗೆ ಲೋಹದ ಮೂತಿ. ಪಿನ್ನು ಬಂದು ಮೂತಿಯನ್ನು ಎತ್ತಿದಾಗ, ಬಾವಿಯ ಏತದ ಹಾಗೆ, ಸನ್ನೆಯ ಹಿಂಬದಿ ತಗ್ಗುತ್ತದೆ. ಅದು ಒಂದು ತೆಳ್ಳನೆಯ ತಳ್ಳುಕಡ್ಡಿಯನ್ನು ಒತ್ತುತ್ತದೆ, ಕಡ್ಡಿ ಗಾಳಿಪೆಟ್ಟಿಗೆಯೊಳಗಿನ ಪ್ಯಾಲೆಟ್ ಎಂಬ ಚರ್ಮ ಹೊದಿಸಿದ ಬಾಗಿಲನ್ನು ತೆರೆಯುತ್ತದೆ. ಪಿನ್ನು ದಾಟಿದ ಮೇಲೆ ಸ್ಪ್ರಿಂಗು ಬಾಗಿಲು ಮುಚ್ಚುತ್ತದೆ. ಚಿಕ್ಕ ಸ್ವರಕ್ಕೆ ಒಂಟಿ ಪಿನ್ನು. ದೀರ್ಘ ಸ್ವರಕ್ಕೆ ಎರಡು ಕಾಲೂರಿದ ಸೇತುವೆಯಂಥ ತಂತಿ, ಅದರ ಉದ್ದವೇ ಸ್ವರದ ಉದ್ದ.

ಒಂದೊಂದು ಬಗೆಯ ಕೊಳವೆಸಾಲಿಗೆ ಗಾಳಿ ಬಿಡಲು ಹೊರಗೆಳೆಯುವ, ತಡೆಯಲು ಒಳಗೆ ತಳ್ಳುವ ಗುಬ್ಬಿಗಳೇ ಸ್ಟಾಪುಗಳು. ಅವು ಸಾಮಾನ್ಯವಾಗಿ ನಾಲ್ಕರಿಂದ ಆರು: ಸ್ಟಾಪ್ಡ್ ಡಯಪೇಸನ್, ಓಪನ್ ಡಯಪೇಸನ್, ಪ್ರಿನ್ಸಿಪಲ್, ಟ್ವೆಲ್ಫ್ತ್, ಫಿಫ್ಟೀನ್ತ್ ಇತ್ಯಾದಿ. ಮುಂಭಾಗದ ಚಿನ್ನದ ಬಣ್ಣದ ಕೊಳವೆಗಳು ಬಹಳ ಸಲ ಬರೀ ಅಲಂಕಾರ. ಕೀಬೋರ್ಡ್ ಆರ್ಗನ್ನಿನ ಹಾಗೆ ಇಲ್ಲಿ ಎಲ್ಲ ಹನ್ನೆರಡು ಸ್ವರಸ್ಥಾನಗಳೂ ಇರುವುದಿಲ್ಲ, ಕೀರ್ತನೆಗಳಿಗೆ ಬೇಕಾದ ನಾಲ್ಕಾರು ಶ್ರುತಿಗಳ ಸ್ವರಗಳು ಮಾತ್ರ. ಸ್ವರವೊಂದು ‘ಕಾಣೆಯಾಗಿದೆ’ ಎಂದು ಹುಡುಕುವ ಮೊದಲು ಅದು ಹುಟ್ಟಿನಿಂದಲೇ ಇರಲಿಲ್ಲವೇ ಎಂದು ಸನ್ನೆಗಳನ್ನು ಎಣಿಸಿ ನೋಡಿ.

ಮುಟ್ಟುವ ಮೊದಲು

ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಇಂಥ ವಾದ್ಯದ ರಿಪೇರಿಗೆ ಫ್ಯಾಕಲ್ಟಿ ಎಂಬ ಅನುಮತಿಯ ವ್ಯವಸ್ಥೆ ಇದೆ. ಧೂಳು ಒರೆಸುವುದು, ಹಿಡಿ ತಿರುಗಿಸುವುದು ಬೇರೆ ಮಾತು. ಅದಕ್ಕಿಂತ ಮುಂದೆ ಹೋಗುವುದಾದರೆ ಮೊದಲು ಡಯಾಸಿಸ್ಸಿನ, ಅಂದರೆ ಬಿಷಪ್ಪರ ಆಡಳಿತ ಪ್ರಾಂತದ, ಸಲಹಾ ಸಮಿತಿಯ ಆರ್ಗನ್ ಸಲಹೆಗಾರರಿಗೆ ಬರೆಯಿರಿ. ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ಆರ್ಗನ್ ಸ್ಟಡೀಸ್ ನಡೆಸುವ ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರಿನಲ್ಲಿ ನಿಮ್ಮ ವಾದ್ಯದ ದಾಖಲೆ ಇದೆಯೇ ನೋಡಿ. ಹಿಂದಿನ ರಿಪೇರಿಯ ವಿವರ ಅಲ್ಲಿ ಸಿಕ್ಕರೆ ಅರ್ಧ ಗೊಂದಲ ಕಡಿಮೆ.

ನಂತರ ಟಾರ್ಚ್ ಹಿಡಿದು, ಏನನ್ನೂ ಅಲ್ಲಾಡಿಸದೆ, ಪರೀಕ್ಷೆ. ಎಲ್ಲದಕ್ಕೂ ಫೋಟೋ: ಕವಚದ ಒಳಗೆ ಅಂಟಿಸಿದ ಧಾಟಿಗಳ ಪಟ್ಟಿ, ತಯಾರಕರ ಹೆಸರಿನ ಫಲಕ, ಪೆನ್ಸಿಲ್ ಗುರುತುಗಳು, ಕೊಳವೆಗಳ ಮೇಲೆ ಕೊರೆದ ಅಕ್ಷರಗಳು. ಉರುಳೆಯ ಮೇಲೆ ಕಾಗದ ಅಂಟಿಸಿರುತ್ತಾರೆ, ಪಿನ್ನಿನ ಜಾಗ ಗುರುತು ಮಾಡಿದ್ದು ಅದರ ಮೇಲೆಯೇ. ಖಾಲಿ ತೂತುಗಳು ಕಂಡರೆ ಹಿಂದೆ ಆ ಉರುಳೆಯ ಧಾಟಿಗಳನ್ನು ಕಿತ್ತು ಹೊಸತು ಹೊಡೆದಿರಬಹುದು.

ನೆಲದ ಮೇಲೆ, ತಿದಿಯ ಮೇಲೆ ಹೊಸ ಹಿಟ್ಟಿನಂಥ ಮರದ ಪುಡಿ ಬಿದ್ದಿದ್ದರೆ ಕೊರೆಹುಳು ಇನ್ನೂ ಜೀವಂತ. ಪುಡಿಯನ್ನು ಗುಡಿಸಿ ಕಪ್ಪು ಕಾಗದ ಹಾಸಿ, ಬೇಸಿಗೆ ಕಳೆದ ಮೇಲೆ ಮತ್ತೆ ನೋಡಿದರೆ ಖಾತ್ರಿಯಾಗುತ್ತದೆ. ಕೀಟನಾಶಕವನ್ನು ಉರುಳೆಯ ಮೇಲೆ ಸಿಂಪಡಿಸಬೇಡಿ, ಅದರ ದ್ರಾವಕ ಕಾಗದದ ಗುರುತನ್ನೂ ಅಂಟನ್ನೂ ಕೆಡಿಸುತ್ತದೆ. ಆಮ್ಲಜನಕ ತೆಗೆದ ಚೀಲದಲ್ಲಿಟ್ಟು ಹುಳು ಸಾಯಿಸುವ ಕ್ರಮ ಸಂರಕ್ಷಣಾ ತಜ್ಞರಿಗೆ ಗೊತ್ತಿದೆ. ಲೋಹದ ಕೊಳವೆಗಳಲ್ಲಿ ಸೀಸ ಇರುತ್ತದೆ: ಕೈಗವಸು ಹಾಕಿ, ಬಿಳಿ ಪುಡಿ ಕಂಡರೆ ಊದಬೇಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮೊದಲ ಸುತ್ತು

ವರ್ಷಗಟ್ಟಲೆ ನಿಂತ ವಾದ್ಯವನ್ನು ನೇರವಾಗಿ ‘ಹಾಡಿಸಲು’ ಹೋಗಬಾರದು. ಕ್ರಮ ಹೀಗೆ:

1. ಕೀ-ಫ್ರೇಮನ್ನು ಅದನ್ನೆತ್ತಲೆಂದೇ ಇರುವ ಹಿಡಿಕೆಯಿಂದ ಅಥವಾ ತಿರುಪಿನಿಂದ ಪೂರ್ತಿ ಮೇಲೆತ್ತಿ, ಎತ್ತಿದ ಸ್ಥಿತಿಯಲ್ಲಿ ಭದ್ರಪಡಿಸಿ. ಪಕ್ಕದಿಂದ ನೋಡಿದರೆ ಎಲ್ಲ ಮೂತಿಗಳೂ ಪಿನ್ನುಗಳ ತುದಿಗಿಂತ ಮೇಲಿರಬೇಕು.

2. ಸ್ಟಾಪುಗಳನ್ನೆಲ್ಲ ಒಳಗೆ ತಳ್ಳಿ.

3. ಹಿಡಿಯನ್ನು ಕಾಲು ಸುತ್ತು, ಅರ್ಧ ಸುತ್ತು, ಹೀಗೆ ನಿಧಾನವಾಗಿ ತಿರುಗಿಸಿ. ಇನ್ನೊಬ್ಬರು ಒಳಗೆ ನೋಡುತ್ತಿರಲಿ. ಬಿಗಿ ಎನಿಸಿದರೆ ಬಲ ಹಾಕಬೇಡಿ, ಕಾರಣ ಹುಡುಕಿ. ಹೆಚ್ಚಾಗಿ ಅದು ಗಟ್ಟಿಯಾದ ಹಳೆಯ ಗ್ರೀಸು ಅಥವಾ ವರ್ಮ್ ಗೇರಿನಲ್ಲಿ ಸಿಕ್ಕ ಕಸ.

4. ತಿದಿ ತುಂಬುತ್ತಿದೆಯೇ ನೋಡಿ. ಪೂರ್ತಿ ಎದ್ದ ಮೇಲೆ ತಿರುಗಿಸುವುದು ನಿಲ್ಲಿಸಿ, ಅದು ಪೂರ್ತಿ ಇಳಿಯಲು ಎಷ್ಟು ಸೆಕೆಂಡ್ ಬೇಕು ಎಂದು ಗಡಿಯಾರದಲ್ಲಿ ಅಳೆಯಿರಿ. ದಿನಾಂಕದೊಂದಿಗೆ ಬರೆದಿಡಿ. ಈ ಒಂದು ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಚರ್ಮ ಸೋರುತ್ತಿದೆ ಎಂದೇ ಅರ್ಥ, ಕಿವಿಗೆ ಇನ್ನೂ ಗೊತ್ತಾಗದಿದ್ದರೂ.

5. ಉರುಳೆಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಹಿಡಿಯ ಸುತ್ತುಗಳನ್ನು ಎಣಿಸಿ. 36 ಬಂದರೆ ಚಕ್ರಕ್ಕೆ 36 ಹಲ್ಲು.

ಹಿಡಿಗೆ ಒಂದೇ ದಿಕ್ಕು. ಕೀ-ಫ್ರೇಮ್ ಇಳಿದಿರುವಾಗ ಹಿಂದಕ್ಕೆ ತಿರುಗಿಸಿದರೆ ಮೂತಿಯ ತಪ್ಪು ಮಗ್ಗುಲಿಗೆ ಪಿನ್ನು ತಗಲಿ ಬಾಗುತ್ತದೆ. ಮಕ್ಕಳು ಮೊದಲು ಮಾಡುವ ಕೆಲಸವೇ ಅದು. ಹಿಡಿ ಕಳಚುವಂಥದ್ದಾದರೆ ಆರಾಧನೆ ಮುಗಿದ ಕೂಡಲೇ ಕಳಚಿ ಬೀಗದೊಳಗೆ ಇಡಿ.

ಗಾಳಿಯ ಒತ್ತಡ ಅಳೆಯಲು ಅಂಗಡಿಯ ಉಪಕರಣ ಬೇಕಿಲ್ಲ. ಪಾರದರ್ಶಕ ನಳಿಕೆಯನ್ನು ಯು ಆಕಾರಕ್ಕೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ. ಒಂದು ಕೊಳವೆಯನ್ನು ಎತ್ತಿ, ಅದರ ತೂತಿಗೆ ಬೆಂಡಿನ ಮೂಲಕ ನಳಿಕೆಯ ಒಂದು ತುದಿ ಕೂರಿಸಿ. ಆ ಸ್ಟಾಪ್ ಎಳೆದು, ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಆ ಸ್ವರದ ಸನ್ನೆಯ ಹಿಂಬದಿಯನ್ನು ಕೈಯಿಂದ ಒತ್ತಲಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. 50ರಿಂದ 75 ಮಿಲಿಮೀಟರ್ ಈ ಬಗೆಯ ವಾದ್ಯಕ್ಕೆ ಸಹಜ. ಶಬ್ದ ಸಾಲದೆಂದು ತಿದಿಯ ಮೇಲೆ ಇಟ್ಟಿಗೆ ಹೇರುವ ಚಟ ಕೆಲವರಿಗಿದೆ. ಅದರಿಂದ ಶ್ರುತಿ ಏರುತ್ತದೆ, ಕೊಳವೆಯ ಬಾಯಿ ಕಿರುಚುತ್ತದೆ, ಹಳೆಯ ಚರ್ಮ ಹರಿಯುತ್ತದೆ.

ಧಾಟಿ ಬದಲಿಸುವುದು

ಒಂದು ಉರುಳೆಯಲ್ಲಿ ಹತ್ತು ಹನ್ನೆರಡು ಧಾಟಿ ಹೇಗೆ ಹಿಡಿಸುತ್ತವೆ? ಒಂದೊಂದು ಸನ್ನೆಯ ಕೆಳಗೂ ಹನ್ನೆರಡು ಸಾಲು ಪಿನ್ನುಗಳು ಪಕ್ಕಪಕ್ಕದಲ್ಲಿವೆ. ಉರುಳೆಯನ್ನು ಒಂದು ಸಾಲಿನಷ್ಟು ಪಕ್ಕಕ್ಕೆ ಸರಿಸಿದರೆ ಎಲ್ಲ ಸನ್ನೆಗಳಿಗೂ ಮುಂದಿನ ಧಾಟಿಯ ಸಾಲು ಎದುರಾಗುತ್ತದೆ. ಸಾಲುಗಳ ನಡುವೆ 3 ಮಿಲಿಮೀಟರ್ ಎಂದುಕೊಳ್ಳಿ: ಒಂದು ಸನ್ನೆಗೆ 36 ಮಿಲಿಮೀಟರ್, 27 ಸನ್ನೆಗೆ 972. ಉರುಳೆ ಸುಮಾರು ಒಂದು ಮೀಟರ್ ಉದ್ದವಿರುವುದು ಇದಕ್ಕೇ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಪಕ್ಕದ ಧಾಟಿಯ ಪಿನ್ನು ಮೂತಿಗೆ ತಗಲುವ ಅಪಾಯ ಇರುವುದೂ ಇದರಿಂದಲೇ.

ಸರಿಯಾದ ಜಾಗದಲ್ಲಿ ಹಿಡಿದಿಡುವುದು ಉರುಳೆಯ ಅಚ್ಚಿನ ತುದಿಯಲ್ಲಿರುವ ಕಚ್ಚುಗಳು ಮತ್ತು ಅವುಗಳೊಳಗೆ ಬೀಳುವ ಬೋಲ್ಟ್. ಬದಲಿಸುವಾಗ:

1. ಧಾಟಿ ಮುಗಿದು ಮೌನದ ಜಾಗಕ್ಕೆ ಬಂದಾಗ ನಿಲ್ಲಿಸಿ. ಚಕ್ರದ ಮೇಲೆ ಅಥವಾ ಉರುಳೆಯ ಅಂಚಿನಲ್ಲಿ ಆರಂಭದ ಗೆರೆ ಇರುತ್ತದೆ.

2. ಕೀ-ಫ್ರೇಮ್ ಪೂರ್ತಿ ಎತ್ತಿ.

3. ಬೋಲ್ಟ್ ಎತ್ತಿ, ಉರುಳೆಯನ್ನು ಅಚ್ಚಿನ ತುದಿಯಿಂದ ತಳ್ಳಿ ಅಥವಾ ಎಳೆದು ಬೇಕಾದ ಸಂಖ್ಯೆಯ ಕಚ್ಚಿಗೆ ತನ್ನಿ.

4. ಬೋಲ್ಟ್ ಕಚ್ಚಿನ ತಳದವರೆಗೆ ಕೂತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ.

5. ಆಮೇಲೆ ಕೀ-ಫ್ರೇಮ್ ಇಳಿಸಿ, ಮೆಲ್ಲಗೆ.

ಎರಡನೆಯ ಹೆಜ್ಜೆ ಮರೆತರೆ ಉರುಳೆ ಪಕ್ಕಕ್ಕೆ ಸರಿಯುವಾಗ ಪಿನ್ನುಗಳು ಮೂತಿಗಳ ಪಕ್ಕೆಗೆ ತಗಲಿ ಬಾಗುತ್ತವೆ, ಮುರಿಯುತ್ತವೆ. ಒಂದಲ್ಲ, ಹತ್ತಾರು. ಕೆಲವು ವಾದ್ಯಗಳಲ್ಲಿ ಕೀ-ಫ್ರೇಮ್ ಎತ್ತದೆ ಬೋಲ್ಟ್ ತೆಗೆಯಲಾಗದಂಥ ತಡೆ ಇದೆ, ಎಲ್ಲದರಲ್ಲೂ ಇಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಬೋಲ್ಟಿಗೆ ಕೆಂಪು ದಾರದಲ್ಲಿ ‘ಮೊದಲು ಎತ್ತು’ ಎಂಬ ಚೀಟಿ ತೂಗುಬಿಡಿ.

ಉರುಳೆಯನ್ನೇ ಬದಲಿಸಲು ಇಬ್ಬರು ಬೇಕು. ಪಿನ್ನಿರುವ ಮೈಯನ್ನು ಅಪ್ಪಿಕೊಂಡು ಎತ್ತಬಾರದು, ಎರಡೂ ತುದಿಯ ಅಚ್ಚಿನಲ್ಲೇ ಹಿಡಿಯಬೇಕು. ವರ್ಮ್ ಗೇರ್ ಬಿಡಿಸದೆ ಎಳೆದರೆ ಹಲ್ಲು ಮುರಿಯುತ್ತದೆ. ಹೊರಗಿಡುವಾಗ ಅಚ್ಚುಗಳು ಎರಡು ತೊಟ್ಟಿಲುಗಳ ಮೇಲೆ ಕೂರಲಿ, ಪಿನ್ನುಗಳ ಮೇಲೆ ಭಾರ ಬೀಳದಿರಲಿ. ನೆಟ್ಟಗೆ ಗೋಡೆಗೆ ಒರಗಿಸಿಟ್ಟ ಉರುಳೆ ಬಾಗುತ್ತದೆ. ಬಾಗಿದ ಉರುಳೆ ಒಂದು ಮಗ್ಗುಲಲ್ಲಿ ಸ್ವರ ಉದ್ದ, ಇನ್ನೊಂದರಲ್ಲಿ ಗಿಡ್ಡ ಮಾಡುತ್ತದೆ, ಅದಕ್ಕೆ ಸುಲಭದ ಮದ್ದಿಲ್ಲ.

ಸಭೆಗೆ ನುಡಿಸುವುದು

ಹೆಚ್ಚಿನ ಚರ್ಚ್ ಉರುಳೆಗಳಲ್ಲಿ ಒಂದು ಸುತ್ತು ಎಂದರೆ ಕೀರ್ತನೆಯ ಒಂದು ಚರಣ. ಚರಣ ಎಷ್ಟೆಂದು ಉರುಳೆಗೆ ಗೊತ್ತಿಲ್ಲ, ತಿರುಗಿಸುವವರು ಎಣಿಸಬೇಕು.

ವೇಗದ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. ಇಂಗ್ಲಿಷ್ ಛಂದೋಬದ್ಧ ಕೀರ್ತನೆಗಳ ಸಾಮಾನ್ಯ ಅಳತೆ 8, 6, 8, 6 ಅಕ್ಷರ. ಆರರ ಸಾಲಿನ ಕೊನೆಯಲ್ಲಿ ಎರಡೆರಡು ತಾಳ ಹೆಚ್ಚು ಎಳೆದರೆ ಒಟ್ಟು 32 ತಾಳ. ಚಕ್ರಕ್ಕೆ 36 ಹಲ್ಲಿದ್ದು, ನೀವು ಮಿನಿಟಿಗೆ 54 ಸಲ ಹಿಡಿ ತಿರುಗಿಸಿದರೆ ಚರಣಕ್ಕೆ 40 ಸೆಕೆಂಡ್, ಅಂದರೆ ಮಿನಿಟಿಗೆ 48 ತಾಳ. ಇಂದಿನ ಸಭೆಗೆ ಇದು ಎಳೆದಂತೆ ಕೇಳಿಸಬಹುದು. ವೇಗ ಹೆಚ್ಚಿಸಿದರೆ ಗಾಳಿ ಬೇಕಾದಷ್ಟು, ಆದರೆ ಅಲಂಕಾರದ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಇಳಿಸಿದರೆ ಹಾಡುವವರ ಉಸಿರಿಗೆ ಹಿತ, ಆದರೆ ಎಲ್ಲ ಸ್ಟಾಪುಗಳೂ ಹೊರಗಿದ್ದರೆ ತಿದಿ ಬರಿದಾಗಿ ಕೊನೆಯ ಸ್ವರಮೇಳ ಕುಸಿಯುತ್ತದೆ. ನಿಧಾನ ನುಡಿಸಬೇಕಾದರೆ ಸ್ಟಾಪ್ ಕಡಿಮೆ ಮಾಡಿ: ಸ್ಟಾಪ್ಡ್ ಡಯಪೇಸನ್, ಪ್ರಿನ್ಸಿಪಲ್ ಎರಡೇ ಸಾಕು. ಟ್ವೆಲ್ಫ್ತ್, ಫಿಫ್ಟೀನ್ತ್‌ಗಳನ್ನು ಕೊನೆಯ ಚರಣಕ್ಕೆ ಇಟ್ಟುಕೊಳ್ಳಿ.

ಶುರು ಮಾಡುವಾಗ ಉರುಳೆಯನ್ನು ಆರಂಭದ ಗೆರೆಗಿಂತ ನಾಲ್ಕೈದು ಹಿಡಿಸುತ್ತಿನಷ್ಟು ಹಿಂದಿನ ಜಾಗದಲ್ಲಿ, ಕೀ-ಫ್ರೇಮ್ ಎತ್ತಿ ನಿಲ್ಲಿಸಿರಿ. ಆ ನಾಲ್ಕೈದು ಸುತ್ತಿನಲ್ಲಿ ತಿದಿ ತುಂಬುತ್ತದೆ. ಗೆರೆ ಬಂದೊಡನೆ ನಿಂತು ಕೀ-ಫ್ರೇಮ್ ಇಳಿಸಿ. ಇದು ತಪ್ಪಿದರೆ ಮೊದಲ ಸ್ವರ ಹಂದಿಮರಿಯ ಕೂಗಿನ ಹಾಗೆ ಕೆಳಗಿನಿಂದ ಏರುತ್ತ ಬರುತ್ತದೆ, ಸಭೆ ನಗುತ್ತದೆ. ಮೊದಲ ಸಲ ಧಾಟಿಯನ್ನು ಪೂರ್ತಿ ಕೇಳಿಸಿ, ಮೌನದ ಜಾಗದಲ್ಲಿ ಒಂದು ಉಸಿರಿನಷ್ಟು ನಿಲ್ಲಿಸಿ, ಮತ್ತೆ ಹಿಡಿ ಹೊರಟಾಗ ಜನ ಹಾಡಲಿ. ಪ್ರತಿ ಚರಣದ ನಡುವೆಯೂ ಅಷ್ಟೇ ಹೊತ್ತು ನಿಲ್ಲಿ. ಹಿಡಿ ಮೇಲೆ ಬರುವಾಗ ಹಗುರ, ಕೆಳಗೆ ಹೋಗುವಾಗ ಭಾರ ಎನಿಸುತ್ತದೆ ಅಥವಾ ಅದರ ತಿರುಗುಮುರುಗು. ಆ ಏರಿಳಿತ ಸಂಗೀತದಲ್ಲಿ ಕೇಳಿಸದಂತೆ ತಿರುಗಿಸುವುದು ಅಭ್ಯಾಸದಿಂದಲೇ ಬರಬೇಕು. ನಿಂತು, ಭುಜದಿಂದ ತಿರುಗಿಸಿ, ಮಣಿಕಟ್ಟಿನಿಂದಲ್ಲ.

ಕೆಟ್ಟಾಗ: ಪಿನ್ನಿಗೆ ಕೊನೆಯ ಸರದಿ

ನಿಲ್ಲದ ಸ್ವರ. ಒಂದು ಸ್ವರ ಹಿಡಿದುಕೊಂಡು ಬಿಡುವುದೇ ಇಲ್ಲ. ಕೀ-ಫ್ರೇಮ್ ಎತ್ತಿ. ಸ್ವರ ಇನ್ನೂ ಕೇಳಿಸಿದರೆ ದೋಷ ಗಾಳಿಪೆಟ್ಟಿಗೆಯ ಕಡೆ: ಪ್ಯಾಲೆಟ್ಟಿನ ಅಂಚಿನಲ್ಲಿ ಕಸದ ಹರಳು, ಸೋತ ಸ್ಪ್ರಿಂಗು, ತೇವಕ್ಕೆ ಉಬ್ಬಿ ತೂತಿನಲ್ಲಿ ಸಿಕ್ಕಿದ ತಳ್ಳುಕಡ್ಡಿ. ಎತ್ತಿದೊಡನೆ ನಿಂತರೆ ದೋಷ ಕೀ-ಫ್ರೇಮಿನದು: ಮೂತಿ ತೀರ ಕೆಳಗಿದೆ ಅಥವಾ ಸನ್ನೆ ತನ್ನ ಅಚ್ಚಿನಲ್ಲಿ ಬಿಗಿಯಾಗಿದೆ. ಮಳೆಗಾಲದಂಥ ತೇವದ ವಾರಗಳಲ್ಲಿ ಮಾತ್ರ ಹೀಗಾಗುವುದಾದರೆ ಕಡ್ಡಿಯನ್ನು ಉಜ್ಜಿ ಸಣ್ಣ ಮಾಡಬೇಡಿ, ಹವೆ ಒಣಗಿದಾಗ ಅದು ಸಡಿಲವಾಗಿ ಗಡಗಡಿಸುತ್ತದೆ.

ಬಾರದ ಸ್ವರ. ಮೊದಲು ಬೇರೆ ಸ್ಟಾಪ್ ಎಳೆದು ನೋಡಿ. ಅಲ್ಲಿ ಬಂದರೆ ಕೆಟ್ಟಿರುವುದು ಕೊಳವೆ: ಬಾಯಲ್ಲಿ ಸತ್ತ ನೊಣ, ಜೇಡನ ಬಲೆ, ಜಾರಿದ ಬಿರಡೆ. ಯಾವ ಸ್ಟಾಪಿನಲ್ಲೂ ಬಾರದಿದ್ದರೆ ಬೇರೆ ಧಾಟಿಗೆ ಹೋಗಿ. ಎಲ್ಲ ಧಾಟಿಯಲ್ಲೂ ಆ ಸ್ವರ ಇಲ್ಲವಾದರೆ ಸನ್ನೆ, ತಳ್ಳುಕಡ್ಡಿ ಅಥವಾ ಪ್ಯಾಲೆಟ್ ನೋಡಿ. ಒಂದೇ ಧಾಟಿಯ ಒಂದೇ ಜಾಗದಲ್ಲಿ ಇಲ್ಲವಾದಾಗ ಮಾತ್ರ ಪಿನ್ನನ್ನು ಶಂಕಿಸಬಹುದು. ಆಗಲೂ ಫೋಟೋ ತೆಗೆದು, ಜಾಗ ಬರೆದಿಟ್ಟು, ಬ್ಯಾರೆಲ್ ಕೆಲಸ ಬಲ್ಲ ಆರ್ಗನ್ ತಯಾರಕರನ್ನು ಕೇಳಿ. ಬಾಗಿದ ಹಳೆಯ ಹಿತ್ತಾಳೆ ಪಿನ್ನು ಇಕ್ಕಳಕ್ಕೆ ಸಿಕ್ಕರೆ ಬುಡದಲ್ಲಿ ಮುರಿಯುವುದೇ ಹೆಚ್ಚು.

ಎಲ್ಲವೂ ಕಲಸಿಕೊಂಡ ಸದ್ದು. ಎರಡು ಧಾಟಿ ಒಟ್ಟಿಗೆ ಕೇಳಿಸುತ್ತಿದೆ. ಬೋಲ್ಟ್ ಪೂರ್ತಿ ಕೂತಿಲ್ಲ, ಕಚ್ಚಿನಲ್ಲಿ ಗ್ರೀಸಿನ ಗಸಿ ಕೂತಿದೆ, ಅಥವಾ ಬೋಲ್ಟೇ ಸವೆದಿದೆ. ಮರದ ಕಡ್ಡಿಗೆ ಬಟ್ಟೆ ಸುತ್ತಿ ಕಚ್ಚು ಒರೆಸಿ. ಆದರೂ ಹಾಗೇ ಇದ್ದರೆ ಕೀ-ಫ್ರೇಮಿನ ಪಕ್ಕದ ತಿರುಪು ನೋಡಬೇಕು.

ಸ್ವರಗಳೆಲ್ಲ ತುಂಡುತುಂಡು, ಅಥವಾ ಎಲ್ಲ ಅಂಟಿಕೊಂಡಂತೆ. ಇದು ಕೀ-ಫ್ರೇಮಿನ ಎತ್ತರದ ಮಾತು. ತೀರ ಮೇಲಿದ್ದರೆ ಪಿನ್ನು ಮೂತಿಯನ್ನು ತಡವಾಗಿ ಎತ್ತಿ ಬೇಗ ಬಿಡುತ್ತದೆ, ಸ್ವರ ಗಿಡ್ಡವಾಗುತ್ತದೆ. ತೀರ ಕೆಳಗಿದ್ದರೆ ಸ್ವರ ಉದ್ದವಾಗಿ, ಒಂದೇ ಸ್ವರ ಎರಡು ಸಲ ಬರುವ ಕಡೆ ನಡುವಿನ ಬಿಡುವು ಮುಚ್ಚಿಹೋಗುತ್ತದೆ. ಎರಡೂ ತುದಿಯ ತಿರುಪುಗಳನ್ನು ಕಾಲು ಸುತ್ತಿನ ಲೆಕ್ಕದಲ್ಲಿ ತಿರುಗಿಸಿ, ಪ್ರತಿ ಸಲವೂ ಬರೆದಿಡಿ, ಹಿಂದಿನ ಸ್ಥಿತಿಗೆ ಮರಳಲು ದಾರಿ ಇರಲಿ. ಸರಿಯಾದ ಎತ್ತರ ಪತ್ತೆಗೆ ಅತ್ಯಂತ ವೇಗದ ಸ್ವರಗಳಿರುವ ಧಾಟಿಯನ್ನೇ ಆರಿಸಿ: ಅದರಲ್ಲಿ ಮರುಕಳಿಸುವ ಸ್ವರ ಸ್ಪಷ್ಟ ಕೇಳಿಸಿ, ಅದೇ ಹೊತ್ತಿಗೆ ದೀರ್ಘ ಸ್ವರಗಳು ಮುಂದಿನದನ್ನು ಮುಟ್ಟಬೇಕು. ಹೀಗೆ ‘ತಪ್ಪು ಪಿನ್ನು’ ಎಂದು ದೂರಿದ್ದೆಷ್ಟೋ ಎತ್ತರ ಸರಿಯಾದ ಕೂಡಲೇ ತಾನಾಗಿ ಮಾಯವಾಗುತ್ತದೆ.

ಉಸ್ಸೆಂಬ ಸದ್ದು, ಸೊರಗಿದ ಸ್ವರ. ತಿದಿಯ ಮಡಿಕೆಗಳ ಮೂಲೆ ನೋಡಿ, ಹರಿಯುವುದು ಮೊದಲು ಅಲ್ಲಿಯೇ. ಊದುಬತ್ತಿಯ ಹೊಗೆ ಹಿಡಿದರೆ ಸೋರುವ ಜಾಗ ತೋರಿಸುತ್ತದೆ ಎನ್ನುವವರಿದ್ದಾರೆ. ಒಣಮರ, ಹಳೆಚರ್ಮದ ನಡುವೆ ಬೆಂಕಿ ಬೇಡ, ಒದ್ದೆ ಮಾಡಿದ ಕೈಬೆನ್ನು ಸಾಕು. ತೇಪೆಗೆ ತೆಳುವಾದ ಕುರಿ ಚರ್ಮ, ಬಿಸಿ ಮರವಜ್ರ, ಅಂದರೆ ಚರ್ಮ ಮೂಳೆ ಕುದಿಸಿ ಮಾಡಿದ ಹಳೆಯ ಬಡಗಿ ಅಂಟು. ಅಂಚನ್ನು ಚಾಕುವಿನಿಂದ ತೆಳುಮಾಡಿ ಅಂಟಿಸಿ, ಬಿಸಿ ಒದ್ದೆ ಬಟ್ಟೆಯಿಂದ ಒತ್ತಿ, ತಿದಿಯನ್ನು ಒಂದು ದಿನ ಆಡಿಸಬೇಡಿ. ಬಿಳಿ ಪ್ಲಾಸ್ಟಿಕ್ ಅಂಟು ಬೇಡ ಎನ್ನಲು ಎರಡು ಕಾರಣ: ಮರವಜ್ರ ಬಿಸಿನೀರಿಗೆ ಬಿಡುತ್ತದೆ, ಅದು ಬಿಡುವುದಿಲ್ಲ, ಮುಂದಿನವರು ಮರವನ್ನೇ ಕೆರೆಯಬೇಕಾಗುತ್ತದೆ, ಜೊತೆಗೆ ಅದು ಬಿಡುವ ಆಮ್ಲದ ಆವಿ ಸೀಸದ ಕೊಳವೆಗಳನ್ನು ತಿನ್ನುತ್ತದೆ. ಟೇಪು ಸುತ್ತುವುದರ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಎಣ್ಣೆಯ ವಿಚಾರ ಚಿಕ್ಕದು. ವರ್ಮ್ ಗೇರಿಗೂ ಲೋಹದ ಅಚ್ಚಿನ ತುದಿಗಳಿಗೂ ಹಳೆಯದನ್ನು ಒರೆಸಿ ಒಂದು ಹನಿ. ಸನ್ನೆ, ಕಡ್ಡಿ, ಸ್ಟಾಪಿನ ಪಟ್ಟಿಗಳಿಗೆ ಎಣ್ಣೆ ಬೇಡ, ಸ್ಪ್ರೇ ಅಂತೂ ಬೇಡವೇ ಬೇಡ. ಮರಕ್ಕೆ ಮರ ಉಜ್ಜುವ ಕಡೆ ಪೆನ್ಸಿಲ್ ಸೀಸದ ಪುಡಿ, ಅಂದರೆ ಗ್ರಾಫೈಟ್, ಸಾಕು.

ಕೆಡುವ ಕಾರಣಗಳಲ್ಲಿ ಹೊಸ ಕಾಲದ್ದೊಂದಿದೆ. ವಾರವೆಲ್ಲ ತಣ್ಣಗಿದ್ದ ಚರ್ಚನ್ನು ಭಾನುವಾರ ಬೆಳಿಗ್ಗೆ ಹೀಟರ್ ಹಾಕಿ ಎರಡೇ ತಾಸಿನಲ್ಲಿ ಬಿಸಿ ಮಾಡುತ್ತಾರೆ. ಗಾಳಿ ಒಣಗುತ್ತದೆ, ಗಾಳಿಪೆಟ್ಟಿಗೆಯ ಹಲಗೆ ಸೀಳುತ್ತದೆ, ಒಂದು ಸ್ವರದ ಗಾಳಿ ಪಕ್ಕದ್ದಕ್ಕೆ ಹರಿದು ಅದೂ ಕುಂಯ್ಗುಡುತ್ತದೆ. ಆರ್ಗನ್ ಪಕ್ಕದಲ್ಲಿ ತೇವಮಾಪಕ ಇಡಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಜಿಗಿಯದಿರುವುದು ಮುಖ್ಯ. ಹೀಟರಿನ ಬಿಸಿ ಗಾಳಿ ನೇರವಾಗಿ ಕವಚಕ್ಕೆ ಬಡಿಯದಂತೆ ತಿರುಗಿಸಿ.

ಶ್ರುತಿ

ಕೊಳವೆಯ ಶ್ರುತಿ ಉಷ್ಣತೆಯ ಜೊತೆ ಏರುತ್ತದೆ, ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 3 ಸೆಂಟ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೆಯ ಒಂದು ಭಾಗ ಒಂದು ಸೆಂಟ್). ಜನವರಿಯಲ್ಲಿ 8 ಡಿಗ್ರಿಯಲ್ಲಿ ಅಳೆದದ್ದು ಜುಲೈಯ 18 ಡಿಗ್ರಿಯಲ್ಲಿ 30 ಸೆಂಟ್ ಮೇಲಿರುತ್ತದೆ. ಅಂದರೆ ವಾದ್ಯ ಶ್ರುತಿ ತಪ್ಪಿತೆಂದಲ್ಲ. ಎಲ್ಲ ಕೊಳವೆಗಳೂ ಒಟ್ಟಿಗೆ ಏರುವುದರಿಂದ ಅವುಗಳ ನಡುವಿನ ಸಂಬಂಧ ಹಾಗೇ ಇರುತ್ತದೆ. ಆದ್ದರಿಂದ ಪ್ರತಿ ಅಳತೆಯ ಪಕ್ಕದಲ್ಲೂ ಉಷ್ಣತೆ ಬರೆಯಿರಿ.

ಇವುಗಳ ಮೂಲ ಶ್ರುತಿ ಇಂದಿನ ಪಿಯಾನೊದ ಸಮಪಾಲಿನ ಶ್ರುತಿಯಾಗಿರುವುದಿಲ್ಲ. ಕೆಲವೇ ಶ್ರುತಿಗಳಲ್ಲಿ ನುಡಿಯುವ ವಾದ್ಯಕ್ಕೆ ಆ ಶ್ರುತಿಗಳಲ್ಲಿ ಗಾಂಧಾರ ಸಿಹಿಯಾಗಿ ಕೂರುವಂಥ ಅಸಮ ಹಂಚಿಕೆ ಮಾಡುತ್ತಿದ್ದರು. ಎಲೆಕ್ಟ್ರಾನಿಕ್ ಟ್ಯೂನರ್ ತೋರಿಸಿದಂತೆ ಎಲ್ಲವನ್ನೂ ‘ಸರಿ’ ಮಾಡಹೊರಟರೆ ಲೋಹದ ಕೊಳವೆಗಳ ತುದಿಯನ್ನು ಬಡಿಯಬೇಕಾಗುತ್ತದೆ, ಆ ಹಾನಿ ಶಾಶ್ವತ. ನೀವು ಮಾಡಬಹುದಾದದ್ದು ಇಷ್ಟೇ: ಮುಚ್ಚಿದ ಮರದ ಕೊಳವೆಯ ಬಿರಡೆ ಜಾರಿದ್ದರೆ ಅದನ್ನು ಸರಿಮಾಡುವುದು. ಬಿರಡೆ ಒಳಗೆ ಹೋದರೆ ಶ್ರುತಿ ಏರುತ್ತದೆ, ಹೊರಗೆ ಬಂದರೆ ಇಳಿಯುತ್ತದೆ. ಕೂದಲೆಳೆಯಷ್ಟು ಸರಿಸಿ, ಕೈಯ ಬಿಸಿ ಆರಲು ಬಿಟ್ಟು, ಆಮೇಲೆ ಕೇಳಿ. ಬಿರಡೆಯ ಚರ್ಮ ಸವೆದಿದ್ದರೆ ಕಾಗದದ ಪಟ್ಟಿ ತುರುಕುವುದು ಹಳೆಯ ಅಡ್ಡದಾರಿ. ಅಂಥ ಕಾಗದ ಸಿಕ್ಕರೆ ಎಸೆಯುವ ಮೊದಲು ಓದಿ, ಅದರ ಮೇಲಿನ ಅಚ್ಚಿನಿಂದ ಆ ರಿಪೇರಿಯ ಕಾಲ ತಿಳಿಯಬಹುದು.

ಉರುಳೆಯನ್ನು ಬರೆದಿಡುವುದು

ಹೊಣೆ ಹೊತ್ತವರು ಮಾಡಬಹುದಾದ ಅತಿ ಬೆಲೆಯುಳ್ಳ ಕೆಲಸ ಇದು. ಓಲ್ಡ್ ಹಂಡ್ರೆತ್, ಹ್ಯಾನೋವರ್, ಸೇಂಟ್ ಆನ್‌ನಂಥ ಧಾಟಿಗಳು ಅಚ್ಚಾದ ಪುಸ್ತಕಗಳಲ್ಲಿವೆ. ಆದರೆ ಹಳ್ಳಿಯ ಸಭೆಗೆ ಅವುಗಳನ್ನು ಹೇಗೆ ನುಡಿಸುತ್ತಿದ್ದರು, ಎಲ್ಲಿ ಕಂಪನ, ಎಲ್ಲಿ ಜಾರು, ಸಾಲಿನ ಕೊನೆಯಲ್ಲಿ ಎಷ್ಟು ಎಳೆತ ಎಂಬುದು ಪುಸ್ತಕದಲ್ಲಿ ಸಿಗುವುದು ಅಪರೂಪ, ಪಿನ್ನುಗಳಲ್ಲಿ ಇರುತ್ತದೆ. ಒಂದೇ ಒಂದು ಸಂಗತಿ ಪಿನ್ನಿನಲ್ಲೂ ಇಲ್ಲ: ನಿಜವಾದ ವೇಗ. ಅದು ಹಿಡಿಯವನ ಕೈಯಲ್ಲಿತ್ತು.

ಪ್ರತಿ ಧಾಟಿಯನ್ನೂ ಎರಡು ರೀತಿ ಧ್ವನಿಮುದ್ರಿಸಿ. ಮೊದಲನೆಯದು ಹಾಡುವ ವೇಗದಲ್ಲಿ, ಸಹಜ ಸ್ಟಾಪುಗಳೊಂದಿಗೆ. ಎರಡನೆಯದು ಒಂದೇ ಸ್ಟಾಪಿನಲ್ಲಿ, ಸಾಧ್ಯವಾದಷ್ಟು ನಿಧಾನ, ಹಿಡಿಯ ಪ್ರತಿ ಸುತ್ತಿಗೂ ಬಾಯಲ್ಲಿ ಎಣಿಕೆ ಹೇಳುತ್ತ. 36 ಹಲ್ಲಿನ ಚಕ್ರದಲ್ಲಿ ಹಿಡಿಯ ಒಂದು ಸುತ್ತು ಎಂದರೆ ಉರುಳೆಯ 10 ಡಿಗ್ರಿ, ಕಾಲು ಸುತ್ತು ಎರಡೂವರೆ ಡಿಗ್ರಿ. ಉರುಳೆಯ ವ್ಯಾಸ 25 ಸೆಂಟಿಮೀಟರ್ ಇದ್ದರೆ ಸುತ್ತಳತೆ 785 ಮಿಲಿಮೀಟರ್, 32 ತಾಳಕ್ಕೆ ಹಂಚಿದರೆ ತಾಳಕ್ಕೆ ಸುಮಾರು ಇಪ್ಪತ್ತನಾಲ್ಕೂವರೆ. ತಾಳದ ಕಾಲುಭಾಗದ ಸ್ವರ 6 ಮಿಲಿಮೀಟರ್ ಜಾಗದಲ್ಲಿ ಕೂರುತ್ತದೆ. ಈ ಅಳತೆ ಕೈಯಲ್ಲಿದ್ದರೆ ಧ್ವನಿಯಲ್ಲಿ ಅನುಮಾನ ಬಂದ ಕಡೆ ಉರುಳೆಯ ಮೇಲೆ ಪಟ್ಟಿ ಹಿಡಿದು ಪರೀಕ್ಷಿಸಬಹುದು.

ಫೋಟೋಗೆ ಉರುಳೆಯನ್ನು ಹೊರತೆಗೆಯುವ ಅಗತ್ಯ ಹೆಚ್ಚಾಗಿ ಇಲ್ಲ. ಕೀ-ಫ್ರೇಮ್ ಎತ್ತಿ, ಕ್ಯಾಮೆರಾವನ್ನು ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಿಸಿ, ಅಳತೆಪಟ್ಟಿ ಚಿತ್ರದೊಳಗೆ ಕಾಣುವಂತೆ ಇಟ್ಟು, ಹಿಡಿಯ ಒಂದೊಂದು ಸುತ್ತಿಗೆ ಒಂದೊಂದು ಚಿತ್ರ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಲಿ, ಪಿನ್ನಿನ ನೆರಳು ಅದರ ಎತ್ತರವನ್ನೂ ಬಾಗನ್ನೂ ತೋರಿಸುತ್ತದೆ. ಕಡತದ ಹೆಸರಿನಲ್ಲಿ ಉರುಳೆಯ ಸಂಖ್ಯೆ, ಸುತ್ತಿನ ಸಂಖ್ಯೆ ಎರಡೂ ಇರಲಿ. ಒಂದು ಪ್ರತಿ ಚರ್ಚಿನ ದಾಖಲೆಗಳ ಜೊತೆ, ಇನ್ನೊಂದು ಜಿಲ್ಲಾ ದಾಖಲೆ ಕಚೇರಿಯಲ್ಲಿ. ನೀವು ಮಾಡಿದ ಪ್ರತಿ ತಿರುಪಿನ ಕಾಲು ಸುತ್ತು, ಪ್ರತಿ ತೇಪೆ, ತಿದಿ ಇಳಿಯಲು ಹಿಡಿದ ಸೆಕೆಂಡುಗಳು ಬರೆದ ನೋಟ್‌ಪುಸ್ತಕ ಮಾತ್ರ ಆರ್ಗನ್ ಕವಚದ ಒಳಗೇ, ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿರಲಿ.